ಕಾಲಿಗೆ ಲೇಸರ್, ಗದ್ದಕ್ಕೆ ಸೂಜಿ: ಬೇಡದ ಕೂದಲು ತೆಗೆಸುವ ಎರಡು ದಾರಿಗಳು

ಲೇಸರ್ ಒಳ್ಳೆಯದೋ ಎಲೆಕ್ಟ್ರಾಲಿಸಿಸ್ (ಕೂದಲಿನ ಬುಡಕ್ಕೆ ಸೂಜಿಯಿಂದ ವಿದ್ಯುತ್ ಹರಿಸಿ ತೆಗೆಯುವುದು) ಒಳ್ಳೆಯದೋ ಎಂದು ಕೇಳುವವರಿಗೆ ಮೊದಲು ಹೇಳಬೇಕಾದದ್ದು ಇಷ್ಟೇ: ಹಗಲು ಹೊತ್ತಿನಲ್ಲಿ ಕಿಟಕಿಯ ಪಕ್ಕ ಕೂತು, ತೆಗೆಸಬೇಕೆಂದಿರುವ ಜಾಗದ ಕೂದಲನ್ನು ಸರಿಯಾಗಿ ನೋಡಿಕೊಳ್ಳಿ. ಕಪ್ಪಗೆ, ದಪ್ಪಗೆ, ಒತ್ತೊತ್ತಾಗಿ ಇದೆಯೇ? ಲೇಸರ್‌ಗೆ ಅದು ಹೇಳಿ ಮಾಡಿಸಿದ ಕೂದಲು. ಬಿಳಿಯದೋ ಕೆಂಚೋ ಆಗಿದ್ದು, ನವಿರಾಗಿ ಅಲ್ಲೊಂದು ಇಲ್ಲೊಂದು ಇದೆಯೇ? ಅದಕ್ಕೆ ಸೂಜಿಯೇ ಆಗಬೇಕು. ಯಂತ್ರದ ಹೆಸರು, ಅದು ಎಷ್ಟು ಹೊಸದು, ಗೋಡೆಯ ಮೇಲೆ ಅಂಟಿಸಿದ ಮೊದಲಿನ-ನಂತರದ ಫೋಟೊಗಳು, ಇವೆಲ್ಲ ಆಮೇಲಿನ ಮಾತು. ಎರಡನ್ನೂ ಶುರುವಿನಿಂದ ಕೊನೆಯವರೆಗೆ ಮಾಡಿಸಿಕೊಂಡ ಮೇಲೆ ನನಗೆ ಖಾತ್ರಿಯಾಗಿರುವುದು ಇದು: ಹಣ ಮತ್ತು ಸಮಯ ಹಾಳಾಗುವುದು ಹೆಚ್ಚಾಗಿ ಕೆಟ್ಟ ಯಂತ್ರದಿಂದಲ್ಲ, ಕೂದಲಿಗೆ ಹೊಂದದ ದಾರಿಯನ್ನು ಆರಿಸಿಕೊಂಡಿದ್ದರಿಂದ.

ಲೇಸರ್ ಕೆಲಸ ಮಾಡುವುದು ಬಣ್ಣದ ಮೇಲೆ. ಕೂದಲಿನೊಳಗಿನ ಮೆಲನಿನ್ ಎಂಬ ಬಣ್ಣದ ವಸ್ತು ಬೆಳಕನ್ನು ಹೀರಿಕೊಂಡು ಕಾಯುತ್ತದೆ, ಆ ಕಾವು ಕೂದಲಿನ ಬುಡಕ್ಕೂ, ಕೂದಲನ್ನು ಮತ್ತೆ ಹುಟ್ಟಿಸುವ ಕೋಶಗಳಿಗೂ ತಗಲುತ್ತದೆ. ಸುತ್ತಲಿನ ಚರ್ಮವನ್ನು ಬಿಟ್ಟು ಬಣ್ಣವಿರುವ ಗುರಿಯನ್ನಷ್ಟೇ ಸುಡಬಹುದೆಂಬ ಈ ತತ್ವವನ್ನು ಅಮೆರಿಕದ ವಿಜ್ಞಾನಿಗಳಾದ ಆಂಡರ್ಸನ್ ಮತ್ತು ಪ್ಯಾರಿಶ್ 1983ರಲ್ಲಿ ವಿವರಿಸಿದರು. ಬಣ್ಣವೇ ಇಲ್ಲದ ಬಿಳಿ ಕೂದಲಿಗೆ ಬೆಳಕು ಹಿಡಿಯುವುದೇ ಇಲ್ಲ. ಹತ್ತು ಸಲ ಹೊಡೆಸಿದರೂ ಅದು ಇದ್ದ ಹಾಗೇ ಇರುತ್ತದೆ. ತೊಡಕು ಇನ್ನೊಂದಿದೆ: ಚರ್ಮದಲ್ಲಿಯೂ ಮೆಲನಿನ್ ಇರುತ್ತದೆ. ಚರ್ಮ ಕಪ್ಪಾದಷ್ಟೂ ಬೆಳಕಿನ ಒಂದು ಪಾಲು ಮೇಲೆಯೇ ಹೀರಿಹೋಗಿ ಚರ್ಮವೇ ಸುಡುತ್ತದೆ. ಅದಕ್ಕಾಗಿಯೇ ತರಂಗಾಂತರದ ಲೆಕ್ಕ. ಲೇಸರ್‌ಗಳಲ್ಲಿ 755 ನ್ಯಾನೋಮೀಟರ್‌ನ ಅಲೆಕ್ಸಾಂಡ್ರೈಟ್ ಬಿಳಿ ಚರ್ಮಕ್ಕೆ ಚೆನ್ನ, 800ರಿಂದ 810ರ ಡಯೋಡ್ ನಡುವಿನ ಬಣ್ಣಕ್ಕೆ, 1064ರ ಎನ್‌ಡಿ-ಯಾಗ್ ಕಪ್ಪು ಚರ್ಮಕ್ಕೆ. 1064 ಆಳಕ್ಕೆ ಇಳಿಯುತ್ತದೆ, ಮೇಲ್ಚರ್ಮದ ಮೆಲನಿನ್‌ಗೆ ಅಷ್ಟಾಗಿ ಸಿಕ್ಕಿಬೀಳುವುದಿಲ್ಲ. ಆದರೆ ಕೂದಲಿನ ಮೆಲನಿನ್ ಕೂಡ ಅದನ್ನು ಕಡಿಮೆಯೇ ಹೀರುವುದರಿಂದ ನವಿರು ಕೂದಲಿಗೆ ಅದು ಸಾಲದು. ಗೋಧಿ ಬಣ್ಣದಿಂದ ಕಪ್ಪಿನವರೆಗಿನ ಚರ್ಮದವರು ಹೋದ ಕಡೆ ಕೇಳಬೇಕಾದ ಮೊದಲ ಪ್ರಶ್ನೆ, "ನಿಮ್ಮ ಯಂತ್ರದ ತರಂಗಾಂತರ ಎಷ್ಟು?" ಅಂಕಿ ಹೇಳಲಾಗದೆ "ಲೇಟೆಸ್ಟ್ ಮಷೀನ್" ಎಂದಷ್ಟೇ ಉತ್ತರ ಬಂದರೆ ಅಲ್ಲಿಂದ ಎದ್ದು ಬರುವುದು ಲೇಸು. ಐಪಿಎಲ್ ಎನ್ನುವುದು ಲೇಸರ್ ಅಲ್ಲ, ಹಲವು ತರಂಗಾಂತರಗಳು ಬೆರೆತ ಬೆಳಕಿನ ಮಿಂಚು. ಕಪ್ಪು ಚರ್ಮಕ್ಕೆ ಅದರಿಂದ ಸುಟ್ಟಗಾಯದ ಭಯ ಹೆಚ್ಚು.

ತಯಾರಿಯಲ್ಲಿ ಜನ ಎಡವುವುದು ಒಂದೇ ಕಡೆ. ಲೇಸರ್‌ಗೆ ಮುಂಚೆ ನಾಲ್ಕರಿಂದ ಆರು ವಾರ ವ್ಯಾಕ್ಸಿಂಗ್, ಥ್ರೆಡಿಂಗ್, ಚಿಮಟ, ಎಪಿಲೇಟರ್ ಯಾವುದೂ ಕೂಡದು. ಬುಡಸಮೇತ ಕಿತ್ತ ಕೂದಲಿನ ರಂಧ್ರ ಖಾಲಿ. ಬೆಳಕು ಹಿಡಿಯಲು ಅಲ್ಲಿ ಏನೂ ಇರುವುದಿಲ್ಲ. ರೇಜರ್ ಮಾತ್ರ ಪರವಾಗಿಲ್ಲ, ಪರವಾಗಿಲ್ಲ ಏನು, ಬೇಕೇಬೇಕು. ಹಿಂದಿನ ದಿನ ಅಥವಾ ಅದೇ ಬೆಳಿಗ್ಗೆ ನುಣ್ಣಗೆ ಶೇವ್ ಮಾಡಿಕೊಂಡು ಹೋಗಬೇಕು. ಚರ್ಮದ ಮೇಲೆ ಎರಡು ಮಿಲಿಮೀಟರ್ ಕೂದಲು ಉಳಿದರೂ ಲೇಸರ್‌ನ ಶಕ್ತಿ ಅದನ್ನು ಸುಡಲು ಖರ್ಚಾಗುತ್ತದೆ. ಸುಟ್ಟ ಕೂದಲಿನ ಕರಿ ಯಂತ್ರದ ಗಾಜಿನ ತುದಿಗೆ ಮೆತ್ತಿಕೊಳ್ಳುತ್ತದೆ, ಮುಂದಿನ ಹೊಡೆತದಲ್ಲಿ ಆ ಕರಿಯೇ ಕಾದು ಚರ್ಮಕ್ಕೆ ಬರೆ ಎಳೆಯುತ್ತದೆ. ನಡುನಡುವೆ ತುದಿಯನ್ನು ಒರೆಸಿಕೊಳ್ಳುತ್ತಾರೋ ಇಲ್ಲವೋ ಎಂದು ಗಮನಿಸಿ. ಒರೆಸುವವರು ಕೆಲಸ ಬಲ್ಲವರು. ಬಿಸಿಲಿಗೆ ಕಪ್ಪಾದ ಚರ್ಮಕ್ಕೆ ಆ ತಿಂಗಳು ಬೇಡವೇ ಬೇಡ. ಬಿಸಿಲಿಗೆ ಚರ್ಮ ಸೂಕ್ಷ್ಮವಾಗುವಂಥ ಮಾತ್ರೆ, ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ತೆಗೆದುಕೊಳ್ಳುತ್ತಿದ್ದರೆ ಕೇಳುವವರೆಗೆ ಕಾಯದೆ ನೀವೇ ಹೇಳಬೇಕು.

ಮೊದಲು ಸಣ್ಣ ಜಾಗದಲ್ಲಿ ಟೆಸ್ಟ್ ಹಾಕಿಸಿಕೊಳ್ಳಿ. ಬೊಬ್ಬೆ ಏಳುವುದಿದ್ದರೆ ಒಂದೆರಡು ದಿನದಲ್ಲೇ ಗೊತ್ತಾಗುತ್ತದೆ, ಆದರೆ ಕಪ್ಪು ಚರ್ಮದಲ್ಲಿ ಬಣ್ಣ ಬದಲಾಗುವುದು ಕಾಣಲು ವಾರದ ಮೇಲೆ ಹಿಡಿಯುತ್ತದೆ. "ಇವತ್ತೇ ಟೆಸ್ಟ್, ಇವತ್ತೇ ಪೂರ್ತಿ ಕಾಲು" ಎನ್ನುವುದಕ್ಕೆ ಅರ್ಥವಿಲ್ಲ.

ಇನ್ನು ಆ ಹೊಡೆತ ಹೇಗಿರುತ್ತದೆ ಎಂಬುದು. ಕಣ್ಣಿಗೆ ಬೆಳಕು ತೂರದ ಕನ್ನಡಕ ಹಾಕುತ್ತಾರೆ. ಚರ್ಮಕ್ಕೆ ತಣ್ಣನೆಯ ಜೆಲ್, ಅದರ ಮೇಲೆ ಮಂಜಿನಂತೆ ಕೊರೆಯುವ ತುದಿ. ಕೆಲವು ಯಂತ್ರಗಳಲ್ಲಿ ಜೆಲ್ ಬದಲು ತಣ್ಣನೆಯ ಗಾಳಿ ಅಥವಾ ಅನಿಲದ ಸಿಂಪರಣೆ. ಗುಂಡಿ ಒತ್ತಿದೊಡನೆ ಕಾದ ರಬ್ಬರ್ ಬ್ಯಾಂಡ್ ಎಳೆದು ಬಿಟ್ಟ ಹಾಗೆ ಚುಳ್ ಎನ್ನುತ್ತದೆ, ಮರುಗಳಿಗೆಗೆ ನೋವು ಇಲ್ಲ, ಮೂಗಿಗೆ ಸುಟ್ಟ ಕೂದಲಿನ ವಾಸನೆ. ನಾಲ್ಕೈದು ನಿಮಿಷ ಬಿಟ್ಟು ಆ ಜಾಗವನ್ನು ಹತ್ತಿರದಿಂದ ನೋಡಿ: ಪ್ರತಿ ಕೂದಲಿನ ಬುಡದ ಸುತ್ತಲೂ ಸಾಸಿವೆ ಕಾಳಿನಷ್ಟು ಕೆಂಪು ಉಬ್ಬು ಎದ್ದಿರಬೇಕು, ಚರ್ಮಕ್ಕೆ ಚಳಿ ಹಿಡಿದು ರೋಮ ನಿಮಿರಿದ ಹಾಗೆ. ಕಪ್ಪು ಚರ್ಮದಲ್ಲಿ ಕೆಂಪು ಕಾಣದಿರಬಹುದು, ಬೆರಳಿಗೆ ಉಬ್ಬು ಸಿಗುತ್ತದೆ. ಇದು ಶಕ್ತಿ ಬುಡಕ್ಕೆ ತಲುಪಿದ್ದಕ್ಕೆ ಗುರುತು. ಏನೂ ಏಳದಿದ್ದರೆ ಶಕ್ತಿ ಕಡಿಮೆ ಇಟ್ಟಿದ್ದಾರೆ ಎಂದೇ ಅನುಮಾನಿಸಬೇಕು. ಬದಲಿಗೆ ಚರ್ಮ ಬೂದುಬಣ್ಣಕ್ಕೆ ತಿರುಗಿದರೆ, ಬೆಳ್ಳಗೆ ಬಿಳಿಚಿದರೆ, ತುದಿಯ ಆಕಾರದಲ್ಲೇ ಗೆರೆ ಮೂಡಿದರೆ ಅದು ಸುಟ್ಟದ್ದು. ತಕ್ಷಣ ನಿಲ್ಲಿಸಲು ಹೇಳಿ, ತಣ್ಣಗೆ ಮಾಡಿಸಿ. ಅರ್ಧಚಂದ್ರದ ಆಕಾರದ ಕಲೆ ಕಂಡರೆ ತಂಪು ಸಿಂಪರಣೆಯೂ ಬೆಳಕೂ ಒಂದೇ ಜಾಗಕ್ಕೆ ಬಿದ್ದಿಲ್ಲ ಎಂದರ್ಥ.

ಹೊಡೆತದ ಶಕ್ತಿ ಹೇಳುವ ಜೌಲ್ ಅಂಕಿಯೊಂದನ್ನೇ ಹಿಡಿದು ಎರಡು ಕಡೆಯ ಕೆಲಸವನ್ನು ಹೋಲಿಸಲು ಹೋಗಬೇಡಿ. ಬೆಳಕಿನ ಬೊಟ್ಟು ಎಷ್ಟು ಅಗಲ, ಹೊಡೆತ ಎಷ್ಟು ಮಿಲಿಸೆಕೆಂಡ್ ಇರುತ್ತದೆ ಎಂಬುದೂ ಅಷ್ಟೇ ಮುಖ್ಯ. ಬೊಟ್ಟು ದೊಡ್ಡದಾದಷ್ಟೂ ಬೆಳಕು ಚೆದುರದೆ ಆಳಕ್ಕೆ ಇಳಿಯುತ್ತದೆ, ಹೊಡೆತ ಉದ್ದವಾದಷ್ಟೂ ಮೇಲ್ಚರ್ಮಕ್ಕೆ ತಣ್ಣಗಾಗಲು ಬಿಡುವು ಸಿಗುತ್ತದೆ. ಕಪ್ಪು ಚರ್ಮಕ್ಕೆ ಉದ್ದ ಹೊಡೆತವನ್ನೇ ಇಡುವುದು ಇದಕ್ಕಾಗಿ.

ಮನೆಗೆ ಬಂದ ಮೇಲೆ ಒಂದೆರಡು ದಿನ ಬಿಸಿನೀರಿನ ಸ್ನಾನ, ಬೆವರು ಸುರಿಸುವ ವ್ಯಾಯಾಮ, ಬಿಗಿ ಬಟ್ಟೆ ಬೇಡ. ಬಿಸಿಲಿಗೆ ಹೋಗುವ ಜಾಗವಾದರೆ ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್. ವಾರ ಕಳೆದಾಗ ಕೂದಲು ಮತ್ತೆ ಬೆಳೆಯುತ್ತಿರುವ ಹಾಗೆ ಕಾಣುತ್ತದೆ. ಅನೇಕರು ಇಲ್ಲಿಯೇ ಗಾಬರಿಯಾಗುತ್ತಾರೆ. ಅದು ಬೆಳವಣಿಗೆಯಲ್ಲ, ಸತ್ತ ಕೂದಲನ್ನು ಚರ್ಮ ಹೊರದೂಡುತ್ತಿರುವುದು. ಒಂದರಿಂದ ಮೂರು ವಾರದೊಳಗೆ ಉಜ್ಜಿದರೆ ಉದುರಿಹೋಗುತ್ತದೆ. ಉದುರಿದ ಮೇಲಿನ ನುಣುಪನ್ನು ಕಂಡು ಕೆಲಸ ಮುಗಿಯಿತು ಎಂದುಕೊಳ್ಳುವುದೂ ತಪ್ಪೇ. ಯಾವುದೇ ಹೊತ್ತಿಗೆ ಎಲ್ಲ ಕೂದಲೂ ಬೆಳೆಯುವ ಹಂತದಲ್ಲಿರುವುದಿಲ್ಲ. ಮೇಲ್ತುಟಿಯಲ್ಲಿ ಸ್ಥೂಲವಾಗಿ ಮೂರರಲ್ಲಿ ಎರಡು ಪಾಲು, ಕಾಲಿನಲ್ಲಿ ಐದರಲ್ಲಿ ಒಂದು ಪಾಲು ಮಾತ್ರ ಬೆಳೆಯುತ್ತಿರುತ್ತವೆ, ಉಳಿದವು ಮಲಗಿರುತ್ತವೆ. ಲೇಸರ್‌ಗೆ ಸಿಗುವುದು ಬೆಳೆಯುತ್ತಿರುವ, ಬುಡಕ್ಕೆ ಅಂಟಿಕೊಂಡಿರುವ ಕೂದಲು. ಆದ್ದರಿಂದಲೇ ಆರರಿಂದ ಎಂಟು ಸಿಟಿಂಗ್, ಮುಖಕ್ಕೆ ನಾಲ್ಕರಿಂದ ಆರು ವಾರಕ್ಕೊಮ್ಮೆ, ಕಾಲಿಗೆ ಎಂಟು ವಾರ ಅಥವಾ ಇನ್ನೂ ಹೆಚ್ಚು ಬಿಟ್ಟು. ಎರಡು ವಾರಕ್ಕೊಮ್ಮೆ ಕರೆಯುವವರು ನಿಮ್ಮ ಕೂದಲಿನ ಲೆಕ್ಕ ನೋಡಿ ಕರೆಯುತ್ತಿಲ್ಲ. ಉದುರಿದ ಮೇಲೆ ಪಟ್ಟೆ ಪಟ್ಟೆಯಾಗಿ ಕೂದಲು ಉಳಿದಿದ್ದರೆ ಕೈಯಾಡಿಸಿದವರು ಸಾಲು ತಪ್ಪಿಸಿದ್ದಾರೆ. ಫೋಟೊ ತೆಗೆದಿಟ್ಟುಕೊಂಡು ತೋರಿಸಿ, ಆ ಪಟ್ಟೆಗಳನ್ನು ಮತ್ತೆ ಮಾಡಿಕೊಡುವಂತೆ ಕೇಳಿ.

ನೋವಿಗೆ ಹಚ್ಚುವ ಮರಗಟ್ಟಿಸುವ ಕ್ರೀಮಿನ ಬಗ್ಗೆ ಗಟ್ಟಿಯಾಗಿ ಒಂದು ಮಾತು. ಮೇಲ್ತುಟಿಯಷ್ಟು ಜಾಗಕ್ಕೆ, ಹೇಳಿದಷ್ಟು ಪ್ರಮಾಣದಲ್ಲಿ ತೊಂದರೆಯಿಲ್ಲ. ಎರಡೂ ಕಾಲಿಗೆ ಬಳಿದುಕೊಂಡು ಪ್ಲಾಸ್ಟಿಕ್ ಸುತ್ತಿಕೊಂಡು ಹೋಗುವುದು ಜೀವಕ್ಕೇ ಅಪಾಯ. ಆ ಕ್ರೀಮಿನಲ್ಲಿರುವ ಲಿಡೊಕೇಯ್ನ್ ಎಂಬ ಮರಗಟ್ಟಿಸುವ ಔಷಧಿ ಚರ್ಮದ ಮೂಲಕ ರಕ್ತಕ್ಕೆ ಸೇರಿ ಹೃದಯದ ಬಡಿತವನ್ನೂ ಮಿದುಳನ್ನೂ ಏರುಪೇರು ಮಾಡುತ್ತದೆ. ಲೇಸರ್‌ಗೆ ಮುಂಚೆ ಹೀಗೆ ಹಚ್ಚಿಕೊಂಡ ಯುವತಿಯರು ಸತ್ತ ನಂತರ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2007ರಲ್ಲಿ ಎಚ್ಚರಿಕೆ ಹೊರಡಿಸಿತು. ದೊಡ್ಡ ಜಾಗವಾದರೆ ತಂಪು ಮಾಡಿಸಿಕೊಂಡು ಸಹಿಸಿಕೊಳ್ಳಿ, ಇಲ್ಲವೇ ತುಂಡು ತುಂಡಾಗಿ ಮಾಡಿಸಿ.

ಲೇಸರ್‌ನ ಇನ್ನೊಂದು ಮುಖವನ್ನು ಯಾರೂ ಮುಂಚಿತವಾಗಿ ಹೇಳುವುದಿಲ್ಲ, ನನಗೆ ಇದರ ಬಗ್ಗೆ ನಿಜಕ್ಕೂ ಬೇಸರವಿದೆ. ಕೆನ್ನೆಯ ಬದಿ, ದವಡೆಯ ಕೆಳಗೆ, ಕತ್ತಿನಲ್ಲಿ ಇರುವ ನವಿರು ಕೂದಲಿಗೆ ಲೇಸರ್ ಹೊಡೆದಾಗ ಕೆಲವರಿಗೆ ಅದು ಸಾಯುವ ಬದಲು ದಪ್ಪಗೆ, ಕಪ್ಪಗೆ ತಿರುಗಿ ಬೆಳೆಯುತ್ತದೆ. ಗೋಧಿ ಬಣ್ಣಕ್ಕಿಂತ ಕಪ್ಪಿನ ಚರ್ಮದವರಲ್ಲಿ, ಪಿಸಿಒಎಸ್‌ನಂಥ ಹಾರ್ಮೋನ್ ಏರುಪೇರು ಇರುವ ಹೆಂಗಸರಲ್ಲಿ ಇದು ಹೆಚ್ಚಾಗಿ ಕಾಣುತ್ತದೆ. ಸಾಯಿಸಲು ಸಾಲದ ಕಾವು ಬೇರನ್ನು ಎಬ್ಬಿಸಿಬಿಡುತ್ತದೆ ಎಂಬುದು ಇದಕ್ಕೆ ಕೊಡುವ ಒಂದು ವಿವರಣೆ. ಗದ್ದದ ಮೇಲೆ ಹತ್ತಿಪ್ಪತ್ತು ದಪ್ಪ ಕೂದಲಿದ್ದು ಸುತ್ತಲೂ ಬರೀ ನವಿರು ಇರುವವರು ಇಡೀ ಮುಖಕ್ಕೆ ಲೇಸರ್ ಹೊಡೆಸಬಾರದು. ಆ ಹತ್ತಿಪ್ಪತ್ತಕ್ಕೆ ಸೂಜಿಯೇ ಸರಿ.

ಸೂಜಿಯ ದಾರಿ ಲೇಸರ್‌ಗಿಂತ ನೂರು ವರ್ಷಕ್ಕೂ ಹಳೆಯದು. 1875ರಲ್ಲಿ ಚಾರ್ಲ್ಸ್ ಮಿಶೆಲ್ ಎಂಬ ಅಮೆರಿಕದ ಕಣ್ಣಿನ ವೈದ್ಯರು, ಒಳಮುಖವಾಗಿ ಬೆಳೆದು ಕಣ್ಣಿಗೆ ಚುಚ್ಚುವ ರೆಪ್ಪೆಗೂದಲನ್ನು ತೆಗೆಯಲು ವಿದ್ಯುತ್ ಹರಿಸಿದ ಸೂಜಿ ಬಳಸಿದ್ದನ್ನು ಬರೆದಿಟ್ಟರು. ಇಂದಿಗೂ ತತ್ವ ಅದೇ. ಬಣ್ಣದ ಹಂಗಿಲ್ಲ, ಚರ್ಮ ಕಪ್ಪೋ ಬಿಳುಪೋ, ಕೂದಲು ನರೆತದ್ದೋ ಕೆಂಚೋ, ಸೂಜಿಗೆ ಎಲ್ಲ ಒಂದೇ. ಎಫ್‌ಡಿಎ ಭಾಷೆಯಲ್ಲಿ ಲೇಸರ್‌ನದ್ದು "ಶಾಶ್ವತವಾಗಿ ಕಡಿಮೆ ಮಾಡುವುದು", ಎಲೆಕ್ಟ್ರಾಲಿಸಿಸ್‌ನದ್ದು "ಶಾಶ್ವತವಾಗಿ ತೆಗೆಯುವುದು". ಈ ಎರಡು ಮಾತಿನ ನಡುವಿನ ಅಂತರವನ್ನು ಜಾಹೀರಾತುಗಳು ಬೇಕೆಂದೇ ಅಳಿಸುತ್ತವೆ.

ಇಲ್ಲಿ ತಯಾರಿ ಲೇಸರ್‌ಗೆ ಪೂರಾ ಉಲ್ಟಾ. ಚಿಮಟಕ್ಕೆ ಸಿಗುವಷ್ಟು, ಎರಡು ಮೂರು ಮಿಲಿಮೀಟರ್ ಕೂದಲು ಬೆಳೆದಿರಬೇಕು. ಮುಖದ ಕೂದಲನ್ನು ಹೊರಗಿನವರ ಕಣ್ಣಿಗೆ ಬೀಳುವಂತೆ ಮೂರು ದಿನ ಬಿಡುವುದು ಮನಸ್ಸಿಗೆ ಎಷ್ಟು ಕಷ್ಟವೆಂದು ಅನುಭವಿಸಿದವರಿಗೇ ಗೊತ್ತು. ಆದರೆ ಅದಕ್ಕೊಂದು ಉಪಾಯವಿದೆ. ಮೂರರಿಂದ ಐದು ದಿನ ಮುಂಚೆ ಒಮ್ಮೆ ನುಣ್ಣಗೆ ಶೇವ್ ಮಾಡಿ, ಆಮೇಲೆ ಮುಟ್ಟಬೇಡಿ. ಮಲಗಿರುವ ಕೂದಲು ಮೇಲೆ ಬರುವುದಿಲ್ಲ, ಬೆಳೆಯುತ್ತಿರುವುದಷ್ಟೇ ತಲೆಯೆತ್ತುತ್ತದೆ. ಸೂಜಿ ಚೆನ್ನಾಗಿ ನಾಟುವುದೂ ಇಂಥವಕ್ಕೇ. ಕೂತ ಒಂದು ಗಂಟೆ ಹೀಗೆ ದಂಡವಾಗುವುದಿಲ್ಲ.

ವಿಧಾನಗಳು ಮೂರು. ಗ್ಯಾಲ್ವನಿಕ್‌ನಲ್ಲಿ ನೇರ ವಿದ್ಯುತ್ ಹರಿಸುತ್ತಾರೆ. ರಂಧ್ರದೊಳಗಿನ ಉಪ್ಪು ಮತ್ತು ನೀರು ಒಡೆದು ಸೂಜಿಯ ಸುತ್ತ ಕಾಸ್ಟಿಕ್ ಸೋಡಾ ಹುಟ್ಟುತ್ತದೆ, ಅದು ಬುಡವನ್ನು ಕರಗಿಸುತ್ತದೆ. ಒಂದು ಕೂದಲಿಗೆ ಒಂದು ನಿಮಿಷ, ಕೆಲವೊಮ್ಮೆ ಮೂರು. ಥರ್ಮಾಲಿಸಿಸ್‌ನಲ್ಲಿ 13.56 ಅಥವಾ 27.12 ಮೆಗಾಹರ್ಟ್ಸ್‌ನ ರೇಡಿಯೊ ಅಲೆ, ರಂಧ್ರದ ತೇವವನ್ನೇ ಕುದಿಸುತ್ತದೆ. ಕೆಲಸ ಸೆಕೆಂಡಿನ ಒಂದು ಚೂರಿನಿಂದ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಬ್ಲೆಂಡ್ ಎಂದರೆ ಎರಡೂ ಕೂಡಿದ್ದು. ಬಿಸಿಯಾದ ಸೋಡಾ ಬೇಗ ಕೆಲಸ ಮಾಡುತ್ತದೆ, ಆದ್ದರಿಂದ ಹತ್ತು ಸೆಕೆಂಡಿನ ಆಸುಪಾಸು ಸಾಕು. ಸೋಡಾದ ಪ್ರಮಾಣಕ್ಕೆ ಈ ಕಸುಬಿನಲ್ಲಿ ಒಂದು ಅಳತೆಯಿದೆ: ಮಿಲಿಆಂಪಿಯರ್‌ನ ಹತ್ತನೇ ಒಂದು ಭಾಗ ಒಂದು ಸೆಕೆಂಡ್ ಹರಿದರೆ ಒಂದು ಯೂನಿಟ್. ಅರ್ಧ ಮಿಲಿಆಂಪಿಯರ್ 12 ಸೆಕೆಂಡ್ ಹರಿದರೆ 60 ಯೂನಿಟ್ ಆಯಿತು. ನವಿರು ಕೂದಲಿಗೆ ಅದರ ಕಾಲು ಭಾಗ ಸಾಕು.

ನನ್ನ ಒಲವು ಹೀಗೆ: ನೇರವಾಗಿ ಬೆಳೆದ ನವಿರು, ಮಧ್ಯಮ ಕೂದಲಿಗೆ ಥರ್ಮಾಲಿಸಿಸ್, ವರ್ಷಗಟ್ಟಲೆ ಚಿಮಟದಿಂದ ಕಿತ್ತು ಕಿತ್ತು ಬುಡ ಸೊಟ್ಟಗಾಗಿರುವ ಗದ್ದದ ಕೂದಲಿಗೆ ಬ್ಲೆಂಡ್. ನೆಟ್ಟಗಿನ ಸೂಜಿ ಡೊಂಕಾದ ರಂಧ್ರದ ತಳ ಮುಟ್ಟುವುದಿಲ್ಲ, ಬಿಸಿಯೂ ಸೂಜಿಯ ಆಸುಪಾಸಿನಲ್ಲೇ ಉಳಿಯುತ್ತದೆ. ಸೋಡಾ ದ್ರವ, ಡೊಂಕಿನ ಜೊತೆಗೇ ಹರಿದು ತಳ ಸೇರುತ್ತದೆ.

ಸೂಜಿ ಎಂದೊಡನೆ ಚುಚ್ಚುವುದು ನೆನಪಾಗುತ್ತದೆ, ಆದರೆ ಸರಿಯಾಗಿ ಮಾಡಿದರೆ ಅದು ಚರ್ಮವನ್ನು ಚುಚ್ಚುವುದೇ ಇಲ್ಲ. ಎಡಗೈಯ ಬೆರಳುಗಳಿಂದ ಚರ್ಮವನ್ನು ಹಿಗ್ಗಿಸಿ, ಭೂತಗನ್ನಡಿಯಲ್ಲಿ ನೋಡುತ್ತ, ಕೂದಲು ಹೊರಟಿರುವ ಕೋನದಲ್ಲೇ ಅದರ ಪಕ್ಕದಿಂದ ಸೂಜಿಯನ್ನು ಜಾರಿಸುತ್ತಾರೆ. ತಳ ಸಿಕ್ಕಾಗ ತುಸು ತಡೆ ಸಿಗುತ್ತದೆ, ಅಲ್ಲಿಗೆ ನಿಲ್ಲಿಸಬೇಕು. ಮೇಲ್ತುಟಿಯಲ್ಲಿ ಒಂದೆರಡು ಮಿಲಿಮೀಟರ್, ಕಂಕುಳಲ್ಲಿ ನಾಲ್ಕರ ಹತ್ತಿರ. ಸೂಜಿ ಕೂದಲಿನಷ್ಟೇ ದಪ್ಪವಿರಬೇಕು. ಅದರ ನಂಬರ್ ಅಂಗುಲದ ಸಾವಿರದ ಭಾಗದಲ್ಲಿ, 3ನೇ ನಂಬರ್ ಎಂದರೆ ಸುಮಾರು 0.08 ಮಿಲಿಮೀಟರ್, 4 ಎಂದರೆ 0.1. ವಿದ್ಯುತ್ ಹರಿದಾಗ ಥರ್ಮಾಲಿಸಿಸ್‌ನಲ್ಲಿ ಚುರುಕ್ ಎನ್ನುತ್ತದೆ, ಗ್ಯಾಲ್ವನಿಕ್‌ನಲ್ಲಿ ನಿಧಾನವಾಗಿ ಏರುವ ಕಾವು, ರಂಧ್ರದ ಬಾಯಲ್ಲಿ ಕೆಲವೊಮ್ಮೆ ಸೂಜಿಮೊನೆಯಷ್ಟು ಬಿಳಿ ನೊರೆ. ಆಮೇಲೆ ಚಿಮಟದಲ್ಲಿ ಹಿಡಿದು ಎತ್ತಿದರೆ ಕೂದಲು ಬೆಣ್ಣೆಯಿಂದ ಎಳೆದ ಹಾಗೆ ಜಾರಿ ಬರಬೇಕು. ಬಿಳಿ ಟಿಶ್ಯೂ ಮೇಲೆ ಇಟ್ಟು ನೋಡಿ: ಕಪ್ಪು ಗುಂಡನೆಯ ಬುಡ, ಅದರ ಸುತ್ತ ಲೋಳೆಯಂಥ ಹೊಳೆಯುವ ಕವಚ. ಎಳೆಯುವಾಗ ಕಿತ್ತ ನೋವಾದರೆ ಅದು ಬರೀ ಚಿಮಟದ ಕೆಲಸ, ಎಲೆಕ್ಟ್ರಾಲಿಸಿಸ್ ಆಗಿಲ್ಲ. ಎರಡು ಮೂರು ಕೂದಲು ಹಾಗೆ ಬಂದರೆ ಬಾಯಿಬಿಟ್ಟು ಹೇಳಿ. ಶಕ್ತಿ ಏರಿಸಬೇಕು ಅಥವಾ ಸೂಜಿ ತಳಕ್ಕೆ ಹೋಗುತ್ತಿಲ್ಲ.

ಸೂಜಿ ಮೇಲೆಯೇ ನಿಂತು ವಿದ್ಯುತ್ ಹರಿದರೆ ರಂಧ್ರದ ಸುತ್ತ ಚರ್ಮ ಬೆಳ್ಳಗಾಗುತ್ತದೆ, ಮುಂದೆ ಗುಳಿ ಬೀಳುವುದು ಇಂಥವುಗಳಿಂದ. ರಕ್ತದ ಹನಿ ಕಂಡರೆ ರಂಧ್ರದ ಗೋಡೆ ತೂತಾಗಿದೆ. ಗ್ಯಾಲ್ವನಿಕ್‌ನಲ್ಲಿ ಸೂಜಿ ಋಣ ತುದಿಯೇ ಆಗಿರಬೇಕು, ನಿಮ್ಮ ಕೈಯಲ್ಲಿ ಹಿಡಿಸುವ ಲೋಹದ ಸಲಾಕೆ ಧನ ತುದಿ. ಅದಲುಬದಲಾದರೆ ಸೂಜಿಯ ಉಕ್ಕು ಕರಗಿ ಚರ್ಮದೊಳಗೆ ಹಚ್ಚೆಯಂತೆ ಕಪ್ಪು ಚುಕ್ಕೆ ಕೂರುತ್ತದೆ. ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರಿಗೇ ಒಡೆಯಬೇಕು, ಇದರಲ್ಲಿ ಮುಲಾಜು ಬೇಡ. ಪೇಸ್‌ಮೇಕರ್ ಇರುವವರಿಗೆ ಸೂಜಿಯ ದಾರಿ ಬೇಡ. ಗಾಯಗಳು ಉಬ್ಬುಗಂಟಾಗುವ ಚರ್ಮದವರು ಮೊದಲು ಚರ್ಮವೈದ್ಯರನ್ನು ಕಾಣಬೇಕು.

ಮುಗಿದ ಮೇಲೆ ಕೆಲವು ಗಂಟೆ ಕೆಂಪು, ಬಾವು. ಮರುದಿನ ಕೆಲವು ಕಡೆ ಗಸಗಸೆಯಷ್ಟು ಹಕ್ಕಳೆ, ಮೂರರಿಂದ ಏಳು ದಿನದಲ್ಲಿ ತಾನೇ ಉದುರುತ್ತದೆ. ಅದನ್ನು ಉಗುರಿನಿಂದ ಕೀಳುವುದೇ ಕಲೆ ಉಳಿಯಲು ದೊಡ್ಡ ಕಾರಣ. ಒಂದು ದಿನ ಮೇಕಪ್ ಬೇಡ, ಕೈ ತಾಗಿಸುವುದು ಬೇಡ. ಒಂದೇ ಜಾಗದಲ್ಲಿ ಒತ್ತೊತ್ತಾಗಿರುವ ಕೂದಲನ್ನು ಒಂದೇ ದಿನ ತೆಗೆಸದೆ ಒಂದು ಬಿಟ್ಟು ಒಂದು ತೆಗೆಸಿದರೆ ಚರ್ಮ ಚೇತರಿಸಿಕೊಳ್ಳುತ್ತದೆ. ಮೇಲ್ತುಟಿಯಲ್ಲಿ ಇದು ಮರೆಯಬಾರದ ಮಾತು.

ಸೂಜಿಯ ದೊಡ್ಡ ಕಷ್ಟ ಸಮಯ. ಕೈ ಪಳಗಿದವರು ನಿಮಿಷಕ್ಕೆ ನಾಲ್ಕೈದು ಕೂದಲು ತೆಗೆದರೂ ಗಂಟೆಗೆ ಮುನ್ನೂರು ದಾಟುವುದಿಲ್ಲ. ಎರಡು ಕಾಲಿನ ಕೂದಲಿಗೆ ಈ ಲೆಕ್ಕ ಹಾಕಿದರೆ ಎದೆ ಒಡೆಯುತ್ತದೆ, ಲೇಸರ್ ಅದೇ ಕಾಲನ್ನು ಒಂದು ಗಂಟೆಯೊಳಗೆ ಮುಗಿಸುತ್ತದೆ. ಮುಖಕ್ಕೆ ಆರಂಭದಲ್ಲಿ ವಾರಕ್ಕೊಮ್ಮೆ ಹೋಗಬೇಕು. ಮೊದಲ ಕೆಲವು ವಾರಗಳಲ್ಲಿ ಕಂಡ ಕೂದಲೆಲ್ಲ ಹೋಗಿ, ಮಲಗಿದ್ದವು ಸರದಿಯಂತೆ ಎದ್ದು ಬರುತ್ತವೆ. ತೆಗೆಸಿದ್ದೇ ಮತ್ತೆ ಬಂತು ಎಂದು ಅನ್ನಿಸುವುದು ಈಗಲೇ. ಬಿಡಬೇಡಿ. ಒಂದು ಗಂಟೆಯ ಸಿಟಿಂಗ್ ಅರ್ಧ ಗಂಟೆಯಾಗುತ್ತದೆ, ಆಮೇಲೆ ಹದಿನೈದು ನಿಮಿಷ, ಆಮೇಲೆ ತಿಂಗಳಿಗೊಮ್ಮೆ. ಒಂದು ವರ್ಷದಿಂದ ಎರಡು ವರ್ಷ ಹಿಡಿಯುತ್ತದೆ. ನಡುವೆ ಚಿಮಟ ಹಿಡಿದವರಿಗೆ ಈ ಅವಧಿ ಇನ್ನೂ ಉದ್ದವಾಗುತ್ತದೆ. ಬೇಕಾದರೆ ಕತ್ತರಿ, ಇಲ್ಲವೇ ರೇಜರ್.

ಎರಡನ್ನೂ ಬೆಸೆಯುವವರು ಲೇಸರ್ ಮೊದಲು, ಸೂಜಿ ಆಮೇಲೆ ಎಂಬ ಕ್ರಮ ಇಟ್ಟುಕೊಳ್ಳಿ. ಆರೇಳು ಸಿಟಿಂಗ್‌ನಲ್ಲಿ ದಪ್ಪ ಕಪ್ಪು ಕೂದಲು ಹೋಗಿ, ಕೊನೆಯ ಎರಡು ಸಿಟಿಂಗ್‌ಗಳಲ್ಲಿ ಹೆಚ್ಚು ವ್ಯತ್ಯಾಸ ಕಾಣದಿದ್ದರೆ ಲೇಸರ್‌ನ ಪಾಲು ಮುಗಿಯಿತು, ಉಳಿದದ್ದು ಅದರ ಕೈಗೆ ಸಿಗದ ಕೂದಲು. ಹೊಸ ಪ್ಯಾಕೇಜಿಗೆ ಹಣ ಕಟ್ಟುವ ಬದಲು ಉದುರುವುದೆಲ್ಲ ಉದುರಲು ಒಂದೂವರೆ ತಿಂಗಳು ಬಿಟ್ಟು ಸೂಜಿಗೆ ಹೋಗಿ. ಹಿಂದುಮುಂದು ಮಾಡಿದರೆ ಸೂಜಿಯಲ್ಲಿ ತೆಗೆದ ಜಾಗದಲ್ಲಿ ಲೇಸರ್‌ಗೆ ಗುರಿಯೇ ಇರುವುದಿಲ್ಲ. ಹುಬ್ಬಿಗೆ, ಹುಬ್ಬಿನ ಕೆಳಗೆ ಲೇಸರ್ ಬೇಡ, ಬೆಳಕು ರೆಪ್ಪೆಯನ್ನು ದಾಟಿ ಕಣ್ಣಿನೊಳಕ್ಕೆ ಹೋಗುತ್ತದೆ. ಮಚ್ಚೆ, ಹಚ್ಚೆಗಳ ಮೇಲೆ ಕೂಡ ಹೊಡೆಸಬಾರದು. ಅಲ್ಲಿ ಒತ್ತಾದ ಬಣ್ಣವಿದೆ, ಸುಡುವುದು ಅದೇ.

ಹೆಂಗಸರಲ್ಲಿ ಕೆಲವೇ ತಿಂಗಳಲ್ಲಿ ಗದ್ದ, ಎದೆ, ಹೊಟ್ಟೆಯ ಮೇಲೆ ದಪ್ಪ ಕೂದಲು ಹೊಸದಾಗಿ ಕಾಣಿಸಿಕೊಂಡಿದ್ದರೆ, ಮುಟ್ಟು ಏರುಪೇರಾಗಿದ್ದರೆ, ದನಿ ಗಡುಸಾಗುತ್ತಿದ್ದರೆ ಲೇಸರ್‌ಗೂ ಮೊದಲು, ಸೂಜಿಗೂ ಮೊದಲು ವೈದ್ಯರ ಬಳಿ ಹೋಗಿ ರಕ್ತಪರೀಕ್ಷೆ ಮಾಡಿಸಿ. ಸೂಜಿ ಸಾಯಿಸಿದ ಬುಡ ಮತ್ತೆ ಹುಟ್ಟುವುದಿಲ್ಲ, ಆದರೆ ಪಕ್ಕದ ನವಿರು ಕೂದಲನ್ನು ಹಾರ್ಮೋನ್ ದಪ್ಪವಾಗಿಸುತ್ತಲೇ ಇದ್ದರೆ ಕುರ್ಚಿಯಲ್ಲಿ ಕೂತಷ್ಟೂ ಕೆಲಸ ಉಳಿದೇ ಇರುತ್ತದೆ. ಔಷಧಿ ಶುರುವಾಗಿ ಆರು ತಿಂಗಳಾದ ಮೇಲೆ ಅದೇ ಕಿಟಕಿಯ ಪಕ್ಕ ಕೂತು ಮತ್ತೊಮ್ಮೆ ನೋಡಿಕೊಳ್ಳಿ: ಎಷ್ಟು ಕಪ್ಪು, ಎಷ್ಟು ನವಿರು, ಎಷ್ಟು ಬಿಳಿ. ಯಾವುದಕ್ಕೆ ಬೆಳಕು, ಯಾವುದಕ್ಕೆ ಸೂಜಿ ಎಂಬುದನ್ನು ಆಗ ಮತ್ತೆ ಲೆಕ್ಕ ಹಾಕಬೇಕಾಗುತ್ತದೆ.